ರೇವವ್ವನ ರೊಟ್ಟಿ

ಪಂಢರಿನಾಥರು ಯಂಕಂಚಿಯ ರೇವವ್ವನ ಮನೆಗೆ ಮೊದಲ ಸಲ ಹೋದಾಗ ಪಡಸಾಲೆಯ ಹೊರಸಿನ ಮೇಲೆ ಒಂದು ಕೌದಿ ಕಂಡಿತು. ಬಂದವರಿಗೆಂದೇ ಹಾಸಿದ್ದಾರೆಂದು ತಿಳಿದು, ಹೆಗಲ ಚೀಲವನ್ನೂ ಇಳಿಸದೆ, ಅದರ ಮೇಲೆ ವಿರಾಜಮಾನರಾದರು. ಅವರ ಮೈಕಟ್ಟು ಸಣ್ಣದಲ್ಲ. ಕೌದಿಯ ಕೆಳಗಿನಿಂದ 'ಢಪ್' ಎಂದು ಒಂದು ಸದ್ದು ಬಂತು. ಅದರ ಬೆನ್ನಿಗೇ ಹಳೆಯ ಬಟ್ಟೆ ಹರಿದಂಥ ಇನ್ನೊಂದು ಸದ್ದು. ಪಂಢರಿನಾಥರು ಮೊದಲು ತಮ್ಮ ಧೋತರವನ್ನು ಮುಟ್ಟಿ ನೋಡಿಕೊಂಡರು. ಅದು ನೆಟ್ಟಗಿತ್ತು. ಆಗ ಅವರಿಗೆ ನಿಜವಾಗಿ ಹೆದರಿಕೆಯಾಯಿತು.

ಒಲೆಯ ಮುಂದಿನಿಂದ ಎದ್ದು ಬಂದ ರೇವವ್ವ ಅವರನ್ನು ಎಬ್ಬಿಸಿ ಕೌದಿ ಸರಿಸಿದಳು. ಕೆಳಗಿದ್ದದ್ದು ಅವಳ ಡಪ್ಪು. ಎರಡು ಊರಾಚೆ ಕೇಳುವಂತೆ ನುಡಿಯುತ್ತಿದ್ದ ಅದರ ತೊಗಲು ಈಗ ನಟ್ಟನಡುವೆ ಬಾಯಿ ತೆರೆದು ಪಂಢರಿನಾಥರನ್ನೇ ನೋಡುತ್ತಿತ್ತು.

"ಬಿಸಿಲಿಗೆ ಸೀಳಬಾರದಂತ ಹೊಚ್ಚಿಟ್ಟಿದ್ನಿರಿ" ಎಂದಳು ರೇವವ್ವ. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. "ಕುಂದರ್ರಿ. ಇನ್ನ ಅದರ ಮ್ಯಾಲ ಕುಂತ್ರೂ ಏನೂ ಆಗೂದಿಲ್ಲ."

"ಏನೂ ಆಗೂದಿಲ್ಲ" ಎಂದ, ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಅವಳ ಗಂಡ ರಾಚಪ್ಪ.

ಪಂಢರಿನಾಥರು ನೆಲದ ಮೇಲೆ ಕೂತರು. ನೆಲವನ್ನೂ ಒಮ್ಮೆ ಕೈಯಾಡಿಸಿ ನೋಡಿಯೇ ಕೂತರು.

ಇವರು ಅಲ್ಲಿಗೆ ಹೋಗಬೇಕಾಗಿ ಬಂದದ್ದಕ್ಕೆ ಕಾರಣ ವಿಜ್ಞಾನ. ಬಸವನ ಬಾಗೇವಾಡಿಯಿಂದ ಮಸೂತಿಯ ಕಡೆಗೆ ಹೋಗುವ ದಾರಿಯಲ್ಲಿ, ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ, ತಂತಿ ಬೇಲಿ ಹಾಕಿಕೊಂಡು ಒಣಬೇಸಾಯದ ಒಂದು ಸಂಶೋಧನಾ ಕೇಂದ್ರವಿತ್ತು. ಬೇಲಿಯ ಹೊರಗೆ ಜೋಳಕ್ಕೆ ಹೆಸರಿದ್ದವು, ಒಳಗೆ ನಂಬರಿದ್ದವು. ಪಂಢರಿನಾಥರು ಆ ಕೇಂದ್ರದ ಪ್ರಚಾರ ಸಹಾಯಕರು. ಪ್ರತಿ ಬೇಸಿಗೆಯಲ್ಲಿ, ಬಿತ್ತನೆಗೆ ಮುಂಚೆ, ಅಲ್ಲಿ ವೈಜ್ಞಾನಿಕ ಉಪನ್ಯಾಸಗಳು ನಡೆಯುತ್ತಿದ್ದವು. ಕೊನೆಗೆ ಸಾಂಸ್ಕೃತಿಕ ಕಾರ್ಯಕ್ರಮ. ಹಿಂದಿನ ವರ್ಷ, ಅಂದರೆ ೧೯೭೬ರಲ್ಲಿ, ಉಪನ್ಯಾಸ ಕೇಳಿದವರು ಕೇಂದ್ರದ ಸಿಬ್ಬಂದಿ, ಸಿಬ್ಬಂದಿಯ ಮನೆಯವರು ಮತ್ತು ನೆರಳು ಹುಡುಕಿ ಬಂದ ಒಂದು ಆಡು. ಸಾಂಸ್ಕೃತಿಕ ಕಾರ್ಯಕ್ರಮವೆಂದರೆ ಪಂಢರಿನಾಥರೇ ಬರೆದ ಒಂದು ವಿನೋದ ನಾಟಕ. ಅದಕ್ಕೆ ಯಾರೂ ನಗಲಿಲ್ಲ. ಆಡು ಅರ್ಧಕ್ಕೆ ಎದ್ದು ಹೋದದ್ದಕ್ಕೆ ಮಾತ್ರ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆ ಆಡಿಗೆ ನಿಮ್ಮಕಿಂತ ಚಲೋ ವಿನೋದ ಬುದ್ಧಿ ಅದ ನೋಡ್ರಿ" ಎಂದು ಅವರ ಹೆಂಡತಿ ಇಂದೂಬಾಯಿ ವರ್ಷವಿಡೀ ಹೇಳುತ್ತ ಬಂದಿದ್ದಳು.

ಈ ವರ್ಷ ಬೆಂಗಳೂರಿನಿಂದ ದೊಡ್ಡ ಅಧಿಕಾರಿಗಳು ಬರುವವರಿದ್ದರು. ಕೇಂದ್ರದ ಮುಖ್ಯಸ್ಥರಾದ ಶ್ರೀಶೈಲಪ್ಪ ಸಾಹೇಬರು ಪಂಢರಿನಾಥರನ್ನು ಕರೆದು, "ಮಂದಿ ತುಂಬಬೇಕ್ರಿ. ಆಡು ಬ್ಯಾಡ, ನಾಟಕ ಬ್ಯಾಡ" ಎಂದು ಎರಡೇ ಮಾತಿನಲ್ಲಿ ಮುಗಿಸಿದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕೂ ತಾಲೂಕಿನ ಮಂದಿ ಒಂದೇ ಕಡೆ ಕೂಡಬೇಕೆಂದರೆ ಉಪಾಯ ಒಂದೇ: ರೇವವ್ವ ಮತ್ತು ಖಂಡೆಪ್ಪ ಎದುರು ಬದುರು ನಿಲ್ಲಬೇಕು.

ಗೀಗೀ ಪದದ ಹಾಡಿಕೆ ಆ ಕಡೆ ಒಬ್ಬರಿಂದ ಆಗುವ ಕೆಲಸವಲ್ಲ. ಒಂದು ಮೇಳ ಹೆಣ್ಣು ಹೆಚ್ಚು ಎಂದು ಹಾಡುತ್ತದೆ, ಇನ್ನೊಂದು ಮೇಳ ಗಂಡು ಹೆಚ್ಚು ಎಂದು ಹಾಡುತ್ತದೆ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಜವಾಬು ಕೊಡಬೇಕು. ಹೆಣ್ಣಿನ ಪಕ್ಷದವರು ಡಪ್ಪಿನ ಅಂಚಿಗೆ ಕಲ್ಗಿ ಕಟ್ಟುತ್ತಾರೆ, ಗಂಡಿನ ಪಕ್ಷದವರು ತುರಾಯಿ ಕಟ್ಟುತ್ತಾರೆ. ಎರಡೂ ಬಣ್ಣದ ಗೊಂಡೆಗಳೇ. ಸೋತವರು ತಮ್ಮ ಗೊಂಡೆ ಬಿಚ್ಚಿ ಗೆದ್ದವರ ಮುಂದೆ ಇಡಬೇಕು. ಮರುದಿನ ಚಹಾ ಕುಡಿಯುವಾಗ ಅದು ತಿರುಗಿ ಸಿಗುತ್ತದೆ, ಆ ಮಾತು ಬೇರೆ.

ರೇವವ್ವ ಹುಟ್ಟಿದ್ದೂ ಯಂಕಂಚಿಯಲ್ಲಿ, ಕೊಟ್ಟದ್ದೂ ಯಂಕಂಚಿಯಲ್ಲೇ. ಹಾಡು ಕಲಿಸಿದವಳು ಅವಳ ಚಿಗವ್ವ ರುಕ್ಮವ್ವ. ಹೊಲದಲ್ಲಿ ಕಸ ಕೀಳುವಾಗ ರುಕ್ಮವ್ವ ಒಂದು ಸಾಲಿನಿಂದ ಸವಾಲು ಎಸೆಯುತ್ತಿದ್ದಳು, ಪಕ್ಕದ ಸಾಲಿನಿಂದ ಹುಡುಗಿ ಜವಾಬು ಕೊಡಬೇಕು. ಜವಾಬು ಹೊಳೆಯದಿದ್ದರೆ ಚಿಗವ್ವನ ಸಾಲಿನ ಕಸವನ್ನೂ ಅವಳೇ ಕೀಳಬೇಕು. ಹಾಗಾಗಿ ಬೇಗ ಕಲಿತಳು. ಗಂಡ ರಾಚಪ್ಪ ಅವಳ ಮೇಳದಲ್ಲೇ ತುಂತುಣಿ ಮೀಟುತ್ತ, ಅವಳು ಹಾಡಿದ ಸಾಲಿನ ಕೊನೆಯನ್ನು ಹಿಡಿದು ಮತ್ತೆ ಹೇಳುತ್ತ ಬಂದವನು. ಎಷ್ಟೋ ವರ್ಷ ಆ ಕೆಲಸ ಮಾಡಿ ಮಾಡಿ, ಮನೆಯಲ್ಲೂ ಅವನಿಗೆ ಅದೇ ರೂಢಿಯಾಗಿ ಹೋಗಿತ್ತು.

ಮಸೂತಿಯ ಖಂಡೆಪ್ಪನಿಗೂ ಅವಳಿಗೂ ಮೊದಲು ಗಂಟುಬಿದ್ದದ್ದು ಸಿಂದಗಿಯ ಕಡೆಯ ಒಂದು ಹಾಡಿಕೆಯಲ್ಲಿ. ಆಗ ಅವಳಿನ್ನೂ ಹೊಸ ಸೊಸೆ. ಖಂಡೆಪ್ಪ ಮೀಸೆ ತಿರುವಿ ಕೇಳಿದ್ದ: "ಭೂಮಿ ಮ್ಯಾಲ ಮೊದಲ ಬಂದದ್ದು ಗಂಡೋ ಹೆಣ್ಣೋ, ಹೇಳ ಹುಡುಗಿ!" ರೇವವ್ವ ಡಪ್ಪು ಕೆಳಗಿಟ್ಟು, ಹಾಡದೆಯೇ ಹೇಳಿದ್ದಳು: "ಈ ಸವಾಲ್ ಕೇಳಾಕ ನೀ ಬಂದದ್ದು ಯಾರ ಹೊಟ್ಟ್ಯಾಗಿಂದೋ ಯಣ್ಣಾ?" ಮಂದಿ ನಕ್ಕು ನಕ್ಕು ಕಂಬ ಹಿಡಿದುಕೊಂಡರು. ಖಂಡೆಪ್ಪ ತಾನೂ ನಗುತ್ತಲೇ ತುರಾಯಿ ಬಿಚ್ಚಿಟ್ಟ. ಅಂದಿನಿಂದ ಅವಳು ಅವನ ವೈರಿ. ವೇದಿಕೆಯ ಮೇಲೆ "ಏ ಹೆಣ್ಣ" ಎಂದು ಗುಡುಗುವವನು, ಕೆಳಗಿಳಿದರೆ "ರೇವಕ್ಕಾ, ರೊಟ್ಟಿ ಅದಾವೇನ ಯವ್ವಾ?" ಎಂದು ಅವಳ ಬುತ್ತಿಗೇ ಕೈಹಾಕುತ್ತಿದ್ದ. ಅವಳು ತಟ್ಟಿದ ರೊಟ್ಟಿಯೆಂದರೆ ಅವನಿಗೆ ಜೀವ. ತನಗಿಂತ ಹಿರಿಯನಾದವನಿಂದ ಅಕ್ಕ ಎನ್ನಿಸಿಕೊಳ್ಳುವುದಕ್ಕೆ ಅವಳೂ ಎಂದೂ ತಕರಾರು ಮಾಡಿರಲಿಲ್ಲ.

ಪಂಢರಿನಾಥರು ಒಡೆದ ಡಪ್ಪಿಗೆ ಹೊಸ ತೊಗಲು ಹಾಕಿಸಿ ಕೊಡುವುದಾಗಿ ಒಪ್ಪಿ, ಆಮೇಲೆ ವಿಷಯ ತೆಗೆದರು.

"ಈ ಸಲ ಗಂಡು ಹೆಣ್ಣಿನ ಜಗಳ ಬ್ಯಾಡ ರೇವವ್ವ. ಹೈಬ್ರಿಡ್ ಜೋಳ ಹೆಚ್ಚೋ, ನಮ್ಮ ಬಿಳಿ ಜೋಳ ಹೆಚ್ಚೋ, ಅದರ ಮ್ಯಾಲ ಸವಾಲ್ ಜವಾಬ್ ಆಗ್ಲಿ. ನೀವೊಂದು ಪಕ್ಷ, ಖಂಡೆಪ್ಪ ಒಂದು ಪಕ್ಷ."

ರೇವವ್ವ ಹರಿದ ತೊಗಲನ್ನು ಬೆರಳಿನಿಂದ ಕೂಡಿಸಿ ನೋಡಿದಳು. "ಯಾವ ಪಕ್ಷ ಕೊಟ್ರೂ ಹಾಡ್ತೇನ್ರಿ. ಆದ್ರ ಒಂದ ಮಾತು. ಎದುರಿನವ ಗಟ್ಟಿ ಇರಬೇಕು. ನಾ ಹಾಡೂದು ಅರ್ಧಾ ಖರೆ. ಉಳಿದರ್ಧ ಅವನ ಬಾಯಾಗ ಇರತೈತಿ. ಎರಡೂ ಕೇಳಿದ ಮ್ಯಾಲ ಮಂದಿ ತಾವ ತೂಗಿ ನೋಡಿ ಮನಿಗಿ ಹೋಗ್ತಾರ. ಎದುರಿನವ ಇಲ್ಲಂದ್ರ ನಂದು ಹಾಡಲ್ಲ, ಸುಳ್ಳು."

"ಸುಳ್ಳು" ಎಂದ ರಾಚಪ್ಪ.

"ಖಂಡೆಪ್ಪ ಬಿಡ್ತಾನೇನ್ರಿ ನಿಮ್ಮನ್ನ!" ಎಂದರು ಪಂಢರಿನಾಥರು. "ಹರದು ಹಾಕ್ತಾನ. ಅದು ನನ್ನ ಜವಾಬ್ದಾರಿ." ಜವಾಬ್ದಾರಿ ಹೊತ್ತು ಅಭ್ಯಾಸವಿಲ್ಲದ ಮನುಷ್ಯರು ಬಹಳ ಸಲೀಸಾಗಿ ಹೊರುತ್ತಾರೆ.

ದೇವರ ಹಿಪ್ಪರಗಿಯ ಸಂತೆಯ ದಿನ ಚಹಾದ ಅಂಗಡಿಯಲ್ಲಿ ಪಕ್ಷ ಹಂಚಿಕೆಯಾಯಿತು. ಅವರಿಬ್ಬರಲ್ಲಿ ಒಂದು ರೂಢಿಯಿತ್ತು: ಹಿಂದಿನ ಸಲ ಸೋತವರು ಈ ಸಲ ಪಕ್ಷ ಆರಿಸಿಕೊಳ್ಳಬೇಕು. ಇಂಡಿಯಲ್ಲಿ ಸೋತಿದ್ದವನು ಖಂಡೆಪ್ಪ. ಅವನು ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ, "ಬಿಳಿ ಜ್ವಾಳ ನನಗಿರಲಿ. ಆ ಸರಕಾರಿ ಬೀಜಾ ನೀನ ಹೊತ್ತಗೋ ಅಕ್ಕಾ" ಎಂದು ಕಣ್ಣು ಮಿಟುಕಿಸಿದ.

"ಲೇ, ನಿನಗ ಹಗುರ ಪಕ್ಷ ಸಿಕ್ಕತಿ ನೋಡು!"

"ಸೋತಾವ್ಗ ಇಷ್ಟರೆ ಸುಖ ಬ್ಯಾಡೇನು?"

"ಸವಾಲಿನ್ಯಾಗ ಬಾಗಲಾ ಬಿಟ್ಟಿರತೇನಿ. ಒಳಗ ಬಾ."

ಬಾಗಿಲು ಬಿಡುವುದೆಂದರೇನೆಂದು ಪಂಢರಿನಾಥರು ಬಸ್ಸಿನಲ್ಲಿ ಬರುವಾಗ ಅವಳನ್ನು ಕೇಳಿದರು. ಒಳ್ಳೆಯ ಸವಾಲಿನಲ್ಲಿ ಎದುರಿನವನು ಹೊಕ್ಕು ಬರಲು ಒಂದು ಸಂದಿ ಇಟ್ಟಿರಬೇಕಂತೆ. ಜವಾಬೇ ಇಲ್ಲದಂಥ ಸವಾಲು ಹಾಕುವವರು ಹಾಡುಗಾರರಲ್ಲ, ಕೇಡಿಗರು. ಪಂಢರಿನಾಥರಿಗೆ ತಮ್ಮ ನಾಟಕದಲ್ಲಿ ನಗುವುದಕ್ಕೆ ಒಂದೂ ಸಂದಿ ಇಟ್ಟಿರಲಿಲ್ಲವೆಂಬುದು ಆಗ ಹೊಳೆಯಿತು.

ಮುಂದಿನ ದಿನಗಳಲ್ಲಿ ಕೇಂದ್ರದ ಜೀಪು ಊರೂರು ಸುತ್ತಿತು. ನಡೆಸುವವನು ಜೈನುದ್ದೀನ, ಕೂಗುವವರು ಪಂಢರಿನಾಥರು, ಜೀಪಿನ ತಲೆಯ ಮೇಲೆ ಧ್ವನಿವರ್ಧಕದ ಒಂದು ಕರ್ಣೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಸಂತೆಗಳಲ್ಲಿ ನಿಂತು ಅವರು ಮೊದಲು ಮಣ್ಣಿನ ತೇವಾಂಶದ ಉಪನ್ಯಾಸ, ಸಂಕರಣ ತಳಿಗಳ ಉಪನ್ಯಾಸ ಎಂದು ಶುದ್ಧ ಭಾಷೆಯಲ್ಲಿ ಸಾರಿದರು. ಒಂದು ಕತ್ತೆಯೂ ತಿರುಗಿ ನೋಡಲಿಲ್ಲ. "ರಾಯರ, ಅದನ್ನ ಕಡೀಕ ಹೇಳ್ರಿ, ಮೊದಲ ರೇವವ್ವನ ಹೆಸರ ತಗೀರಿ" ಎಂದ ಜೈನುದ್ದೀನ. ತೆಗೆದರು. ತರಕಾರಿ ಬಿಟ್ಟು ಮಂದಿ ಜೀಪಿನ ಸುತ್ತ ಸೇರಿದರು.

ಕಾರ್ಯಕ್ರಮದ ದಿನ ಚಕ್ಕಡಿ, ಬಸ್ಸು, ಟ್ರಾಕ್ಟರು ಹತ್ತಿ ಮಂದಿ ಬಂದರು. ಪೆಂಡಾಲು ಸಾಲದೆ ಬೇಲಿಯ ಆಚೆಯೂ ನಿಂತರು. ಬೆಂಗಳೂರಿನವರು ಖುಷಿಯಾದರು. ಶ್ರೀಶೈಲಪ್ಪ ಸಾಹೇಬರು ಹೈಬ್ರಿಡ್ ಜೋಳದ ಬಗ್ಗೆ ಬಿಸಿಲು ಇಳಿಯುವ ತನಕ ಮಾತಾಡಿದರು. ಮಂದಿ ತಾಳ್ಮೆಯಿಂದ ಕೇಳಿದರು. ಮಾತು ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಮುದುಕ ತಲೆಗೆ ಸುತ್ತಿದ ಪಟಗ ಸರಿಪಡಿಸಿಕೊಳ್ಳುತ್ತ ಎದ್ದು ನಿಂತ.

"ಸಾಹೇಬ್ರದು ಆತು. ಇವರ ಎದುರಿನವ್ರು ಯಾರ್ರಿ?"

"ಎದುರಿನವರು ಇಲ್ರಿ ಅಜ್ಜಾರ" ಎಂದರು ಪಂಢರಿನಾಥರು. "ಇದು ಉಪನ್ಯಾಸ."

"ಹಂಗಾರ ಇವ್ರು ಗೆದ್ರೋ ಸೋತ್ರೋ ಗೊತ್ತಾಗೂದು ಹ್ಯಾಂಗ್ರಿ?"

ಬೆಂಗಳೂರಿನವರಿಗೆ ಭಾಷೆ ಅರ್ಥವಾಗಲಿಲ್ಲ. ಶ್ರೀಶೈಲಪ್ಪ ಸಾಹೇಬರಿಗೆ ಅರ್ಥವಾಯಿತು. ಅವರು ನಕ್ಕರು. ಆ ನಗು ಯಾಕೋ ಬಹಳ ನಿಶ್ಚಿಂತವಾಗಿತ್ತು ಎಂದು ಪಂಢರಿನಾಥರಿಗೆ ಆಮೇಲೆ ಅನ್ನಿಸಿತು. ಅವರಿಗೆ ಎಲ್ಲವೂ ಆಮೇಲೆಯೇ ಅನ್ನಿಸುವುದು.

ರೇವವ್ವ ಎದ್ದಳು. ಹೊಸ ತೊಗಲಿನ ಡಪ್ಪು, ಅಂಚಿಗೆ ಕೆಂಪು ಕಲ್ಗಿ. ಎದುರಿಗೆ ಹಳದಿ ತುರಾಯಿಯ ಡಪ್ಪು ಹಿಡಿದು ಖಂಡೆಪ್ಪ ಕೂತಿದ್ದ, ನೆಲ ನೋಡುತ್ತ. ಅವಳು ಡಪ್ಪು ಬಾರಿಸಿ ಎತ್ತಿಕೊಂಡಳು:

ಮೋಟ ದಂಟಿನ ಮ್ಯಾಲ ಮುತ್ತಿನ ತೆನಿ ನೋಡ,
ಗೇಣುದ್ದ ತೆನಿಯೊಳಗ ಚೀಲದ ಕಾಳ ನೋಡ,
ಎತ್ತರ ಬೆಳದರ ಏನ ಬಂತೋ ಬಿಳಿ ಜ್ವಾಳ,
ಎತ್ತಿನ ಹೊಟ್ಟಿಗಿ ಅರ್ಧ, ನಿನ ಹೊಟ್ಟಿಗೆಷ್ಟ ಹೇಳ!

"ನಿನ ಹೊಟ್ಟಿಗೆಷ್ಟ ಹೇಳ!" ಎಂದು ರಾಚಪ್ಪ ಹಿಡಿದ. ಪೆಂಡಾಲಿನಲ್ಲಿ ಗದ್ದಲವೆದ್ದಿತು. ರೇವವ್ವ ಅಂದು ಮನಸ್ಸು ಬಿಚ್ಚಿ ಹಾಡಿದಳು. ತಾನು ಬಾಯಿಗೆ ಹಾಕದ ಜೋಳವನ್ನು, ತನ್ನ ಹೊಲದಲ್ಲಿ ಬಿತ್ತದ ಬೀಜವನ್ನು, ನವವಧುವಿನ ಹಾಗೆ ಸಿಂಗರಿಸಿ ಮಂದಿಯ ಮುಂದೆ ನಿಲ್ಲಿಸಿದಳು. ಬಿಳಿ ಜೋಳವನ್ನು ಸೋಮಾರಿ, ಉದ್ದ ಕಾಲಿನ ಉಂಡಾಡಿ ಎಂದು ಹೀಯಾಳಿಸಿದಳು. ಯಾಕೆ ಹಾಡಬಾರದು? ಎದುರಿಗೆ ಖಂಡೆಪ್ಪನಿದ್ದಾನೆ. ಎತ್ತು ಉಂಡರಲ್ಲವೇ ಹೊಲ, ಹೊಲ ಬೆಳೆದರಲ್ಲವೇ ನಾವು ಎನ್ನುವುದಕ್ಕೆ ಎತ್ತಿನ ಚಕ್ಕಡಿಯೇ ಒಳಗೆ ಬರುವಷ್ಟು ದೊಡ್ಡ ಬಾಗಿಲು ಬಿಟ್ಟಿದ್ದಾಳೆ. ಆಮೇಲೆ ಅವನು ಬಿಳಿ ಜೋಳದ ಮೆತ್ತನೆಯ ರೊಟ್ಟಿಯ ಮಾತಿಗೆ ಬರುತ್ತಾನೆ. ರೊಟ್ಟಿಗೆ ಬಂದನೆಂದರೆ ತಾನು ಸೋತಂತೆ. ಸೋಲುವುದಕ್ಕೆ ಅವಳು ಮನಸ್ಸಿನಲ್ಲೇ ಕಲ್ಗಿಯ ಗಂಟು ಸಡಿಲು ಮಾಡಿಕೊಂಡಿದ್ದಳು.

ಖಂಡೆಪ್ಪ ಎದ್ದ. ಡಪ್ಪು ಬಾರಿಸಲಿಲ್ಲ. ಬೆಂಗಳೂರಿನವರಿಗೊಂದು, ಶ್ರೀಶೈಲಪ್ಪ ಸಾಹೇಬರಿಗೊಂದು, ಮಂದಿಗೊಂದು ಕೈಮುಗಿದ.

"ಅಕ್ಕ ಹೇಳಿದ್ದು ಖರೆ ಐತಿ" ಎಂದ. "ನಾ ಒಪ್ಪಿಕೊಂಡೆ. ಹೈಬ್ರಿಡ್ ಜ್ವಾಳ ಹೆಚ್ಚು."

ತುರಾಯಿ ಬಿಚ್ಚಿ ಅವಳ ಕಾಲ ಬಳಿ ಇಟ್ಟು, ಹಿಂದೆ ಸರಿದು ಕೂತ. ಶ್ರೀಶೈಲಪ್ಪ ಸಾಹೇಬರು ಮೊದಲು ಚಪ್ಪಾಳೆ ತಟ್ಟಿದರು. ಸಿಬ್ಬಂದಿ ತಟ್ಟಿತು. ಮಂದಿಯೂ ತಟ್ಟಿದರು, ಖಂಡೆಪ್ಪನಂಥವನೇ ಒಂದು ಪದವನ್ನೂ ಹಾಡದೆ ಒಪ್ಪಿದನೆಂದರೆ ಆ ಬೀಜದಲ್ಲಿ ಏನೋ ಇದ್ದೇ ಇದೆ ಎಂದು ಮಾತಾಡಿಕೊಂಡರು. ರೇವವ್ವ ಡಪ್ಪು ಹಿಡಿದುಕೊಂಡು ನಿಂತೇ ಇದ್ದಳು.

"ಏಳೋ" ಎಂದಳು ಮೆಲ್ಲಗೆ. "ಒಂದ ಪದಾ ಹಾಡೋ."

ಖಂಡೆಪ್ಪ ಏಳಲಿಲ್ಲ. ರಾಚಪ್ಪನೂ ಅಂದು ಅವಳ ಮಾತಿನ ಕೊನೆ ಹಿಡಿಯಲಿಲ್ಲ.

ಮಂದಿ ಚದುರಿದ ಮೇಲೆ ಜೈನುದ್ದೀನ ಪಂಢರಿನಾಥರ ಕಿವಿಯ ಹತ್ತಿರ ಬಂದ. "ನಿಮಗ ಗೊತ್ತಿಲ್ಲೇನ್ರಿ ರಾಯರ? ಖಂಡೆಪ್ಪನ ಮಗಗ ಇಲ್ಲೇ ಮಾಲಿ ನೌಕರಿ ಆತಂತ. ಹೋದ ವಾರ ಸಾಹೇಬ್ರು ಖಂಡೆಪ್ಪನ್ನ ಚಹಾಕ್ಕ ಕರಸಿದ್ರು. ನಾನ ಜೀಪಿನ್ಯಾಗ ಕರಕೊಂಡ ಬಂದೇನಿ."

ಪಂಢರಿನಾಥರು ಸಾಹೇಬರ ಕೋಣೆಗೆ ಹೋದರು. ಅವರು ಹೋದದ್ದು ಸಿಟ್ಟಿನಿಂದ. ಆದರೆ ಬಾಗಿಲು ದಾಟುವಷ್ಟರಲ್ಲಿ ಅದು ವಿನಂತಿಯಾಗಿತ್ತು. "ಸಾಹೇಬ್ರ, ಇದು ಸವಾಲ್ ಜವಾಬ್ ಇತ್ತಲ್ರಿ..."

"ನಮ್ಮ ವೇದಿಕೆ ಮ್ಯಾಲ ನಮ್ಮ ಬೀಜಾನ ಬೈಸಿಕೊಳ್ಳೂಣೇನ್ರಿ, ಬೆಂಗಳೂರಿನವ್ರ ಮುಂದ?" ಎಂದರು ಶ್ರೀಶೈಲಪ್ಪ ಸಾಹೇಬರು ಪ್ರೀತಿಯಿಂದ. "ಎರಡೂ ಪಕ್ಷದವ್ರೂ ಹೊಗಳಿದ್ರು. ಇದಕಿಂತ ಚಲೋ ಕಾರ್ಯಕ್ರಮ ಯಾವುದೈತಿ? ನಿಮಗ ಶಾಬಾಸ್ ಹೇಳಬೇಕು."

ಶಾಬಾಸ್ ಹೇಳಿಸಿಕೊಂಡು ಪಂಢರಿನಾಥರು ಹೊರಗೆ ಬಂದಾಗ ರೇವವ್ವ ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದಳು. ಖಂಡೆಪ್ಪನ ತುರಾಯಿ ಅವಳ ಸೆರಗಿನ ತುದಿಯಲ್ಲಿ ಗಂಟಾಗಿತ್ತು.

"ನಿಮಗ ಗೊತ್ತಿತ್ತೇನ್ರಿ?"

"ಇಲ್ಲ ರೇವವ್ವ. ಪಾಂಡುರಂಗನಾಣೆ."

ಅವಳು ಅವರನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಗೊತ್ತಿರಲಿಕ್ಕಿಲ್ಲ ಬಿಡ್ರಿ. ಕೌದಿ ಕೆಳಗ ಏನೈತಂತ ನೋಡದ ಕುಂದ್ರಾವ್ರು ನೀವು."

ಸೆರಗಿನ ಗಂಟು ಬಿಗಿ ಮಾಡಿ ಮತ್ತೆ ಹೇಳಿದಳು. "ಅಂವ ನನ್ನ ಸೋಲಿಸಿದ್ರ ತಡಕೋತಿದ್ನಿರಿ. ಎಷ್ಟ ಸಲ ಸೋಲ್ಸ್ಯಾನ. ಇವತ್ತ ಒಪ್ಪಿಕೊಂಡನಲ್ಲ!"

ಆ ಮುಂಗಾರಿಗೆ ನಾಲ್ಕೂ ತಾಲೂಕಿನಲ್ಲಿ ಎಲ್ಲೆಲ್ಲೋ ಮಂದಿ ಹೈಬ್ರಿಡ್ ಬಿತ್ತಿದರು. ಸುಳ್ಳು ಹೇಳಬಾರದು, ಚೀಲ ತುಂಬಿದವು. ಮೋಟ ದಂಟಿನ ಮೇಲೆ ತೆನೆ ರೇವವ್ವ ಹಾಡಿದ ಹಾಗೆಯೇ ಬಂದಿತ್ತು. ಹಾಡದೆ ಉಳಿದ ಭಾಗ ಸುಗ್ಗಿಯ ಮೇಲೆ ಗೊತ್ತಾಯಿತು. ಮೇವಿನ ಕಣಿಕೆ ಗಿಡ್ಡ; ಎತ್ತುಗಳು ಮೂಸಿ ನೋಡಿ ಮುಖ ತಿರುಗಿಸಿದವು. ಹಿಟ್ಟು ನಾದಿದರೆ ಅಂಟು ಬಾರದು, ತಟ್ಟಿದರೆ ಅಂಚು ಸೀಳುವುದು. ಹಂಚಿನಿಂದ ಇಳಿಸುವಾಗ ಮೆತ್ತಗಿದ್ದರೂ ಗಂಗಾಳಕ್ಕೆ ಬರುವಷ್ಟರಲ್ಲಿ ಹಲಗೆ. ಅತ್ತೆಯರು ಸೊಸೆಯರನ್ನು ಬೈದರು, ಸೊಸೆಯರು ಗಂಡಂದಿರನ್ನು ಬೈದರು, ಗಂಡಂದಿರು ರೇವವ್ವನನ್ನು ಬೈದರು. ಇಂಡಿಯಲ್ಲೋ ಸಿಂದಗಿಯಲ್ಲೋ ಯಾರೋ ಮೊದಲು ಅಂದರು. ದೀಪಾವಳಿ ಕಳೆಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಗಟ್ಟಿ ರೊಟ್ಟಿಗೆ ಅದೇ ಹೆಸರಾಯಿತು: ರೇವವ್ವನ ರೊಟ್ಟಿ. "ಏನವಾ, ಇವತ್ತ ರೇವವ್ವನ ರೊಟ್ಟಿ ಮಾಡೀಯೇನು? ಹಲ್ಲ ನೋವು ಕಡಿಮಿ ಆಗ್ಲಿ ತಡಿ!" ಎಂದು ಬಸ್‌ಸ್ಟ್ಯಾಂಡಿನಲ್ಲಿ, ಕಣದಲ್ಲಿ, ಮದುವೆಯ ಪಂಕ್ತಿಯಲ್ಲಿ ನಗೆಯಾಡಿದರು. ಒಂದು ದಿನ ಪಂಢರಿನಾಥರ ಮನೆಯಲ್ಲೇ ಇಂದೂಬಾಯಿ ರೊಟ್ಟಿಯನ್ನು ತಾಟಿನ ಅಂಚಿಗೆ ಕುಟ್ಟಿ ಸದ್ದು ಮಾಡಿ, "ತಗೋರಿ, ನಿಮ್ಮ ಸಾಂಸ್ಕೃತಿಕ ಕಾರ್ಯಕ್ರಮ" ಎಂದಳು.

ರೊಟ್ಟಿಗೆ ಹೆಸರಾಗಿದ್ದ ಹೆಂಗಸಿನ ಹೆಸರು ಹೀಗೆ ಹೋಯಿತು. ಊರಿನವರು ಎದುರಿಗೇ ಕೇಳಿದರು: "ನೀನ ಹೇಳಿದ್ಯಲ್ಲವಾ? ನಿನ ಮಾತ ಕೇಳಿ ಬಿತ್ತಿದ್ವಿ." ನಾನು ಅರ್ಧ ಹೇಳಿದ್ದೆ, ಉಳಿದರ್ಧ ಖಂಡೆಪ್ಪ ಹೇಳಬೇಕಿತ್ತು ಎಂದರೆ ಯಾರು ಕೇಳುತ್ತಾರೆ? ಅವಳು ಹೇಳಲೂ ಇಲ್ಲ. ಹಾಡಿಕೆಗೆ ಕರೆಯಲು ಬಂದವರನ್ನೆಲ್ಲ ವಾಪಸು ಕಳಿಸಿದಳು. ಎದುರಿನವರು ಯಾರೆಂದು ಕೇಳುತ್ತಿದ್ದಳು; ಖಂಡೆಪ್ಪ ಎಂದರೆ, "ಅಂವ ಎದುರಿನವ ಅಲ್ಲ, ಒಪ್ಪಿದಾವ" ಎಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ತುರಾಯಿ ಮರುದಿನ ಚಹಾದ ಹೊತ್ತಿಗೆ ತಿರುಗಿ ಹೋಗಬೇಕಿತ್ತು. ಅವಳ ಮನೆಯ ಗೂಟದಲ್ಲೇ ನೇತಾಡುತ್ತ ಹೊಗೆ ಹಿಡಿಯಿತು. ಖಂಡೆಪ್ಪ ಕೇಳಲು ಬರಲಿಲ್ಲ. ಬರುತ್ತಾನೆಂದು ಅವಳು ಆ ಚಳಿಗಾಲ ಪೂರ್ತಿ ಕಾದಳು ಎಂದು ರಾಚಪ್ಪ ಆಮೇಲೆ ಹೇಳಿದ. ಅದು ಅವನು ತಾನಾಗಿಯೇ ಆಡಿದ ಮೊದಲ ಮಾತಿರಬೇಕು.

ಮತ್ತೆ ಬೇಸಿಗೆ ಬಂತು, ಮತ್ತೆ ಉಪನ್ಯಾಸಗಳು. ಜೀಪಿನ ಮೇಲೆ ಕರ್ಣೆ ಏರಿತು. ಪಂಢರಿನಾಥರು ದೇವರ ಹಿಪ್ಪರಗಿಯ ಸಂತೆಯ ನಡುವೆ ನಿಂತು, "ಆತ್ಮೀಯ ರೈತ ಬಾಂಧವರೇ, ಮುಂಬರುವ ವೈಜ್ಞಾನಿಕ ಉಪನ್ಯಾಸ ಮಾಲೆ..." ಎನ್ನುವಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು. ಆ ದಾರಿಯಲ್ಲಿ ರೇವವ್ವ ಬರುತ್ತಿದ್ದಳು. ತಲೆಯ ಮೇಲೆ ಬುತ್ತಿಗಂಟು, ಕಂಕುಳಲ್ಲಿ ಡಪ್ಪು. ಹಿಂದೆ ತುಂತುಣಿ ಹಿಡಿದ ರಾಚಪ್ಪ.

"ರಾಯರ, ಅದನ್ನ ಇಲ್ಲಿ ಕೊಡ್ರಿ" ಎಂದು ಮೈಕಿಗೆ ಕೈ ಚಾಚಿದಳು.

ಪಂಢರಿನಾಥರಿಗೆ ತಮ್ಮ ನೌಕರಿ ಕಣ್ಣಮುಂದೆ ಬಂತು, ಪಿಂಚಣಿ ಬಂತು, ಶ್ರೀಶೈಲಪ್ಪ ಸಾಹೇಬರ ಪ್ರೀತಿಯ ಮುಖವೂ ಬಂತು. ಅವರು ಧೀರರಲ್ಲ. "ರೇವವ್ವ, ಇದು ಸರಕಾರಿ..." ಎಂದು ಶುರು ಮಾಡಿದರು. ಆಗ ಅವಳ ಡಪ್ಪಿನ ತೊಗಲು ಕಣ್ಣಿಗೆ ಬಿತ್ತು, ತಾವೇ ಹಾಕಿಸಿಕೊಟ್ಟದ್ದು. ಮೈಕು ಕೊಟ್ಟು, ಜೈನುದ್ದೀನನ ಕಡೆ ತಿರುಗಿ, "ಮಶೀನು ಕೆಟ್ಟದ ಏನು ನೋಡಪಾ" ಎಂದರು. ಜೈನುದ್ದೀನ ನೋಡಿ, "ಇಲ್ರಿ, ಭೇಷ್ ನಡದೈತಿ" ಎಂದು ಧ್ವನಿ ಇನ್ನೂ ಏರಿಸಿದ.

"ಕೇಳ್ರಪೋ" ಎಂದಳು ರೇವವ್ವ. "ಹೋದ ವರ್ಷ ನಾ ಅರ್ಧಾ ಹಾಡಿದ್ನಿ. ಉಳಿದರ್ಧಾ ಹಾಡಬೇಕಾದಾವ ಕೈಮುಗದು ಕುಂತ. ನೀವು ಅರ್ಧಾ ಕೇಳಿ ಬಿತ್ತಿದ್ರಿ. ಹಾಡೂ ಮುಗದಿಲ್ಲ, ನಿಮ್ಮ ತೂಕಾನೂ ಮುಗದಿಲ್ಲ. ಇವತ್ತ ನನ್ನ ಎದುರು ನಾನ ನಿಂತೇನಿ."

ಮೊದಲು ಹಿಂದಿನ ವರ್ಷದ ಸವಾಲನ್ನೇ ಹಾಡಿದಳು, ಅಷ್ಟೇ ಮನಸ್ಸು ಬಿಚ್ಚಿ; ಮೋಟ ದಂಟು, ಮುತ್ತಿನ ತೆನೆ, ಎತ್ತಿನ ಹೊಟ್ಟೆಗೆ ಅರ್ಧ. ಆಮೇಲೆ ಎರಡು ಹೆಜ್ಜೆ ನಡೆದು, ಖಂಡೆಪ್ಪ ನಿಲ್ಲಬೇಕಾಗಿದ್ದ ಜಾಗದಲ್ಲಿ ನಿಂತು, ತಾನು ಬಿಟ್ಟುಬಂದಿದ್ದ ಜಾಗದ ಕಡೆ ತಿರುಗಿದಳು:

ಎತ್ತ ಉಂಡರ ತಾನ ನೇಗಿಲ ಸಾಗತೈತಿ ತಂಗಿ,
ನೇಗಿಲ ಸಾಗಿದರ ತಾನ ಚೀಲ ತುಂಬತೈತಿ ತಂಗಿ,
ಚೀಲ ತುಂಬಿದರೇನ, ಅಂಗೈಯಾಗ ಅರಳಬೇಕ,
ಹಲ್ಲಿಲ್ಲದ ಮುದುಕಿಗಿ ರೊಟ್ಟಿ ಹರಿಯಬೇಕ!

"ರೊಟ್ಟಿ ಹರಿಯಬೇಕ!" ಎಂದು ರಾಚಪ್ಪ ಎತ್ತಿದ. ಸಂತೆಯ ಮುದುಕಿಯರೆಲ್ಲ ಅವನ ಜೊತೆ ಎತ್ತಿದರು. ಪದದ ಮೇಲೆ ಪದ ಬಂತು. ತನ್ನ ಸವಾಲನ್ನು ತಾನೇ ಕೂದಲೆಳೆ ಬಿಡದೆ ಹರಿದು ಹಾಕಿದಳು. ಕೊನೆಗೆ ತನ್ನ ಡಪ್ಪಿನ ಕೆಂಪು ಕಲ್ಗಿಯನ್ನು ಬಿಚ್ಚಿ, ಎದುರಿಗೆ ಯಾರೂ ಇಲ್ಲದ ನೆಲದ ಮೇಲೆ ಇಟ್ಟಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬಾಕೆ ತನ್ನ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದಿನ ವರ್ಷ ಪೆಂಡಾಲಿನಲ್ಲಿ ಎದ್ದು ನಿಂತಿದ್ದ ಆ ಪಟಗದ ಮುದುಕನೇ ಇಲ್ಲೂ ಇದ್ದ. "ಈಗ ಪೂರಾ ಆತು" ಎಂದು, ಎತ್ತುಗಳನ್ನು ಹೊಡೆದುಕೊಂಡು ಹೊರಟ.

ಜೀಪಿನ ನೆರಳಿನಲ್ಲಿ ಕೂತು ರೇವವ್ವ ಬುತ್ತಿ ಬಿಚ್ಚಿದಳು. "ಉಣ್ಣಾಕ ಬರ್ರಿ" ಎಂದು ಪಂಢರಿನಾಥರನ್ನೂ ಜೈನುದ್ದೀನನನ್ನೂ ಕರೆದಳು. ಪಂಢರಿನಾಥರು ಕೂಡುವ ಮೊದಲು ಜಾಗವನ್ನು ಚೆನ್ನಾಗಿ ನೋಡಿದರು. ಆಗ ಅವರ ಕಣ್ಣಿಗೆ ಬಿದ್ದವನು ಖಂಡೆಪ್ಪ. ಬೆಲ್ಲದ ಅಂಗಡಿಯ ಹಿಂದೆ ನಿಂತು ಪೂರ್ತಿ ಕೇಳಿದ್ದನೆಂದು ಕಾಣುತ್ತದೆ. ಪಟಗ ಕೈಯಲ್ಲಿತ್ತು, ಮೀಸೆ ಇಳಿದಿತ್ತು. ಬಂದು ನಿಂತ. ನೆಲದ ಮೇಲಿದ್ದ ಕಲ್ಗಿಯನ್ನು ಎತ್ತಿ, ಧೂಳು ಝಾಡಿಸಿ, ಅವಳ ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ. ಅದನ್ನು ಅವನು ತನ್ನ ಅಂಗಿಯ ಕಿಸೆಯಲ್ಲಿ ಇಡಲೂ ಆಗದೆ, ಕೆಳಗಿಡಲೂ ಆಗದೆ ಹಿಡಿದುಕೊಂಡೇ ಕೂತ.

"ಮಗನ ನೌಕರಿ ಅಕ್ಕಾ" ಎಂದ.

"ಗೊತ್ತೈತಿ."

"ಸಾಹೇಬ್ರು ಹೇಳಿದ್ರು, ಬರೇ ಒಂದ ಮಾತು, ಒಪ್ಪಿಕೊಂಡೆ ಅಂದ್ಬಿಡು ಅಂತ. ನನಗ ಏನ ದೊಡ್ಡದು ಅನಸ್ಲಿಲ್ಲ."

"ನನಗ ಮೊದಲ ಹೇಳಿದ್ರ ಪಕ್ಷಾನ ಬದಲಿ ಮಾಡಕೋತಿದ್ವಿ. ಹೈಬ್ರಿಡ್ ನೀ ಹಾಡಿ, ಬಿಳಿ ಜ್ವಾಳ ನಾ ಹಾಡಿ, ಕಡೀಕ ನಾನ ಸೋಲ್ತಿದ್ನಿ. ನಿನ ಮಗಗ ನೌಕರಿನೂ ಆಗ್ತಿತ್ತು, ಮಂದಿ ಎರಡೂ ಕೇಳತಿದ್ರು."

ಇಷ್ಟು ಸರಳವಾದ ಉಪಾಯ ತನಗೆ ಹೊಳೆದಿರಲಿಲ್ಲವೆಂಬುದು ಖಂಡೆಪ್ಪನ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಪಂಢರಿನಾಥರಿಗೂ ಹೊಳೆದಿರಲಿಲ್ಲ, ಅವರು ಉಪ್ಪಿನಕಾಯಿಯ ಕಡೆ ನೋಡಿದರು.

ರೇವವ್ವ ರೊಟ್ಟಿ ಹಂಚಿದಳು. ಪಂಢರಿನಾಥರ ಕೈಗೆ ಬಂದದ್ದು ಬಿಳಿ ಜೋಳದ ಮೆತ್ತನೆಯ ರೊಟ್ಟಿ. ಬೆರಳು ಮುಟ್ಟಿದರೆ ಮಡಿಚಿಕೊಳ್ಳುವಂಥದು, ಮೇಲೆ ಶೇಂಗಾದ ಚಟ್ನಿ. ಜೈನುದ್ದೀನನಿಗೂ ಅದೇ. ರಾಚಪ್ಪನಿಗೂ ಅದೇ. ಆಮೇಲೆ ಬುತ್ತಿಯ ತಳದಲ್ಲಿ ಬೇರೆ ಅರಿವೆಯಲ್ಲಿ ಸುತ್ತಿಟ್ಟಿದ್ದ ಒಂದು ಗಂಟು ಬಿಚ್ಚಿ, ಅದರಿಂದ ಎರಡು ರೊಟ್ಟಿ ತೆಗೆದು ಖಂಡೆಪ್ಪನ ಮುಂದೆ ಒಂದು ಗಂಗಾಳದಲ್ಲಿ ಇಟ್ಟಳು. ಇಡುವಾಗ 'ಟಣ್' ಎಂದು ಸದ್ದಾಯಿತು.

ಅವನು ಒಂದನ್ನು ಮುರಿಯಲು ನೋಡಿದ. ಮಂಡಿಗೆ ಆನಿಸಿ ಮುರಿದ. ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ದವಡೆ ಆಡಿಸಿದ. ಸಂತೆಯಲ್ಲಿ ಅಷ್ಟು ಗದ್ದಲವಿದ್ದರೂ ಆ ಸದ್ದು ಪಂಢರಿನಾಥರಿಗೆ ಕೇಳಿಸಿತು. ಕೊನೆಗೆ ಅವನು ಸುತ್ತ ನೋಡಿದ. ಜೈನುದ್ದೀನನ ಕೈಯಲ್ಲಿ ಮಡಿಚಿದ ರೊಟ್ಟಿ, ರಾಚಪ್ಪನ ಕೈಯಲ್ಲಿ ಮಡಿಚಿದ ರೊಟ್ಟಿ.

"ಎಲ್ಲಾರಿಗೂ ಮೆತ್ತಂದು, ನನಗೊಬ್ಬಗ ಯಾಕ ಅಕ್ಕಾ ಈ ಹೈಬ್ರಿಡ್ ರೊಟ್ಟಿ?"

ರೇವವ್ವ ಅವನ ಗಂಗಾಳಕ್ಕೆ ಇನ್ನೊಂದು ಹಾಕಿದಳು.

"ಇವ್ರ್ಯಾರೂ ಒಪ್ಪಿಕೊಂಡಿಲ್ಲೋ."